ಹಲಾಲ್ ನೆನಪಿದೆ, ತಯ್ಯಿಬ್ ಮರೆತಿದೆ

ಮಾಂಸ ಕೊಳ್ಳುವಾಗ ಝಬಹ್ ಮಾಡಿದವರು ಯಾರೆಂದು ನಾವು ವಿಚಾರಿಸುತ್ತೇವೆ. ಮಕ್ಕಳು ಕೈಗೆತ್ತಿಕೊಂಡ ಮಿಠಾಯಿಯ ಪೊಟ್ಟಣವನ್ನು ತಿರುಗಿಸಿ, ಜೆಲಾಟಿನ್ ಇದೆಯೇ ಎಂದು ಪರೀಕ್ಷಿಸುತ್ತೇವೆ. ಈ ಎಚ್ಚರ ಶ್ಲಾಘನೀಯ. ಆದರೆ ಅದೇ ಪೊಟ್ಟಣದ ಮೇಲೆ ಸಕ್ಕರೆ ಎಷ್ಟು, ಉಪ್ಪು ಎಷ್ಟು ಎಂದು ಅಚ್ಚಾಗಿರುವ ಸಾಲಿನ ಮೇಲೆ ನಮ್ಮ ಕಣ್ಣು ಏಕೆ ನಿಲ್ಲುವುದಿಲ್ಲ?

ಪವಿತ್ರ ಕುರ್‌ಆನ್ ಅಲ್ ಬಕರಃ ಅಧ್ಯಾಯದ 168ನೆಯ ಸೂಕ್ತದಲ್ಲಿ ಆಹಾರದ ಕುರಿತು ಮನುಕುಲವನ್ನು ಸಂಬೋಧಿಸುವಾಗ ಹಲಾಲ್ ಎಂಬ ಒಂದೇ ಪದಕ್ಕೆ ನಿಲ್ಲುವುದಿಲ್ಲ. ತಯ್ಯಿಬ್ ಎಂಬ ಪದವನ್ನೂ ಜೊತೆಗಿರಿಸುತ್ತದೆ. ತಯ್ಯಿಬ್ ಎಂದರೆ ಶುದ್ಧವಾದದ್ದು, ಉತ್ತಮವಾದದ್ದು, ಹಿತವಾದದ್ದು. ನಾವಾದರೋ ಜೋಡಿಯನ್ನು ಒಡೆದು, ಒಂದನ್ನು ಮಾತ್ರ ಮನೆಗೆ ತಂದಿದ್ದೇವೆ.

ತಂಪು ಪಾನೀಯವನ್ನೇ ನೋಡಿರಿ. 300 ಮಿಲಿಲೀಟರ್ ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆಯಿರುತ್ತದೆ; ಅಂದರೆ ಆರೇಳು ಚಮಚ. ವಯಸ್ಕರು ಹೊರಗಿನಿಂದ ಸೇರಿಸಿದ ಸಕ್ಕರೆಯನ್ನು ದಿನಕ್ಕೆ ಸುಮಾರು 25 ಗ್ರಾಂಗೆ ಇಳಿಸಿಕೊಂಡರೆ ಒಳಿತೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಿರಿಯಾನಿ ಮುಗಿಯುವುದರೊಳಗೆ ಒಂದೇ ಲೋಟ ಆ ಮಿತಿಯನ್ನು ದಾಟಿಸುತ್ತದೆ. ಕೆಲವು ಬ್ರ್ಯಾಂಡ್‌ಗಳನ್ನು ಬಹಿಷ್ಕರಿಸಿದೆವೆಂದು ಹೆಮ್ಮೆಪಡುವವರು ನಮ್ಮಲ್ಲಿದ್ದಾರೆ. ಅವರ ಕಾಳಜಿಯನ್ನು ಗೌರವಿಸೋಣ. ಆದರೆ ಬಹಿಷ್ಕರಿಸಿದ ಬಾಟಲಿಯ ಜಾಗದಲ್ಲಿ ಅಷ್ಟೇ ಸಕ್ಕರೆಯ ಇನ್ನೊಂದು ಬಾಟಲಿ ಬಂದು ಕುಳಿತರೆ ಬದಲಾದದ್ದು ಚೀಟಿ ಮಾತ್ರ. ಹೊಟ್ಟೆಗೆ ಚೀಟಿ ಓದಲು ಬರುವುದಿಲ್ಲ.

ರಮಝಾನಿನಲ್ಲಿ ಈ ವಿಪರ್ಯಾಸ ಇನ್ನಷ್ಟು ಢಾಳಾಗಿ ಕಾಣುತ್ತದೆ. ಪ್ರವಾದಿವರ್ಯರು(ಸ) ತಾಜಾ ಖರ್ಜೂರದಿಂದ, ಅದಿಲ್ಲದಿದ್ದರೆ ಒಣ ಖರ್ಜೂರದಿಂದ, ಅದೂ ಇಲ್ಲದಿದ್ದರೆ ಕೆಲವು ಗುಟುಕು ನೀರಿನಿಂದ ಉಪವಾಸ ತೊರೆಯುತ್ತಿದ್ದರೆಂದು ಅನಸ್(ರ) ವರದಿ ಮಾಡಿದ್ದಾರೆ. ನಮ್ಮ ಇಫ್ತಾರಿನಲ್ಲಿ ಖರ್ಜೂರ ಬರಿಯ ಪೀಠಿಕೆ. ಸಮೋಸ, ಬಜ್ಜಿ, ಬಣ್ಣದ ಶರಬತ್ತುಗಳದ್ದೇ ಗ್ರಂಥ. ಇದಕ್ಕಾಗಿ ತಾಯಂದಿರು, ಸಹೋದರಿಯರು ಅಸರ್‌ನಿಂದ ಮಗ್ರಿಬ್‌ವರೆಗೆ ಕಾದ ಎಣ್ಣೆಯ ಮುಂದೆ ನಿಂತಿರುತ್ತಾರೆ. ಅವರ ಕುರ್‌ಆನ್ ಪಾರಾಯಣದ, ಪ್ರಾರ್ಥನೆಯ ವೇಳೆಯನ್ನು ನಮ್ಮ ನಾಲಗೆ ಕಸಿದುಕೊಂಡಿದೆಯೆಂಬ ಪ್ರಜ್ಞೆ ಎಷ್ಟು ಮಂದಿ ಗಂಡಸರಿಗಿದೆ?

“ಕಾಯಿಲೆಯೂ ಆಯುಷ್ಯವೂ ಅಲ್ಲಾಹನ ವಿಧಿ, ಊಟದ ಲೆಕ್ಕ ಹಾಕುವುದೇಕೆ?” ಎಂದು ಕೇಳುವವರಿದ್ದಾರೆ. ಪ್ಲೇಗ್ ಹರಡಿದ ನಾಡಿಗೆ ಹೋಗದೆ ಹಿಂದಿರುಗಿದಾಗ ಉಮರ್(ರ) ಅವರಿಗೂ ಇದೇ ಆಕ್ಷೇಪ ಎದುರಾಗಿತ್ತು. ತಾವು ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯೆಡೆಗೆ ಸಾಗುತ್ತಿರುವುದಾಗಿ ಅವರು ಉತ್ತರಿಸಿದರು. ವಿಧಿಯ ಮೇಲಿನ ವಿಶ್ವಾಸ ಅಜಾಗರೂಕತೆಗೆ ಪರವಾನಗಿಯಲ್ಲ.

“ಅತಿಥಿ ಸತ್ಕಾರ ಸುನ್ನತ್ ಅಲ್ಲವೇ?” ಎಂಬುದು ಎರಡನೆಯ ವಾದ. ಹೌದು, ಸುನ್ನತ್. ಆದರೆ ಸಕ್ಕರೆ ಕಾಯಿಲೆಯ ಬಂಧುವಿಗೆ ಒತ್ತಾಯಿಸಿ ಸಿಹಿ ಬಡಿಸುವುದು ಸತ್ಕಾರವೇ? 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ನಮ್ಮ ವಲೀಮಾದ ಸುಪ್ರದಲ್ಲಿ ಕುಳಿತವರಲ್ಲಿ ಅವರೂ ಇದ್ದಾರೆ. ಇನ್ನು ಉಳಿದ ಅನ್ನ ಕಸದ ತೊಟ್ಟಿ ಸೇರುವಾಗ, ತಿನ್ನಿರಿ, ಕುಡಿಯಿರಿ, ಆದರೆ ಮಿತಿಮೀರದಿರಿ ಎಂಬ ಅಲ್ ಅಅ್‌ರಾಫ್ ಅಧ್ಯಾಯದ ಆದೇಶವನ್ನು ಯಾರಿಗೆ ಅನ್ವಯಿಸೋಣ?

ಆರೋಗ್ಯಕರ ಆಹಾರ ಶ್ರೀಮಂತರ ಶೋಕಿಯೆಂಬ ಮಾತೂ ನಿಲ್ಲದು. ಮಜ್ಜಿಗೆ, ರಾಗಿ ಅಂಬಲಿ, ಹೆಸರುಕಾಳು, ಸೊಪ್ಪು ನಮ್ಮ ಅಜ್ಜಿಯರ ಅಡುಗೆಮನೆಯಲ್ಲೇ ಇದ್ದವು. ಬಾಟಲಿಯ ಬೆಲೆಗೆ ಒಂದು ಕಟ್ಟು ಸೊಪ್ಪು, ನಾಲ್ಕು ನಿಂಬೆಹಣ್ಣು ಬರುತ್ತವೆ.

ಶರೀರವು ನಮ್ಮ ಸ್ವತ್ತಲ್ಲ, ಅಮಾನತ್ತು. ಬಿಡುವಿಲ್ಲದೆ ಉಪವಾಸ ಆಚರಿಸುತ್ತಿದ್ದ ಅಬ್ದುಲ್ಲಾ ಬಿನ್ ಅಮ್ರ್(ರ) ಅವರಿಗೆ ಶರೀರಕ್ಕೂ ಹಕ್ಕಿದೆಯೆಂದು ಪ್ರವಾದಿವರ್ಯರು(ಸ) ನೆನಪಿಸಿದ್ದರು. ಆರಾಧನೆಯ ಅತಿರೇಕಕ್ಕೇ ಆ ಹಕ್ಕು ಅಡ್ಡ ನಿಲ್ಲುವುದಾದರೆ, ನಾಲಗೆಯ ಅತಿರೇಕದ ಮಾತೇನು?

ಆದ್ದರಿಂದ ಸಹೋದರ ಸಹೋದರಿಯರೇ, ಈ ವಾರದ ಸಾಮಾನಿನ ಚೀಟಿ ಬರೆಯುವಾಗ ಎರಡು ಪ್ರಶ್ನೆ ಕೇಳೋಣ: ಇದು ಹಲಾಲೇ? ಇದು ತಯ್ಯಿಬೇ? ಎರಡಕ್ಕೂ ಹೌದೆಂಬ ಉತ್ತರ ಬಂದದ್ದು ಮಾತ್ರ ಮನೆಯ ಹೊಸ್ತಿಲು ದಾಟಲಿ. ಅಲ್ಲಾಹನು ನಮಗೆಲ್ಲ ಅದಕ್ಕೆ ತೌಫೀಕ್ ನೀಡಲಿ, ಆಮೀನ್.