ಓದಿದವರೂ ಮೋಸಹೋಗುವರೆ?

ನಮ್ಮ ಬೀದಿಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿರುವರು. ಮೂವತ್ತೈದು ವರ್ಷ ಮಕ್ಕಳಿಗೆ ಗಣಿತ ಹೇಳಿದವರು. ಪರರ ಕಾಸನ್ನು ಮುಟ್ಟಿದವರಲ್ಲ. ಕಳೆದ ವರ್ಷ ಇವರಿಗೆ ಫೋನಿನಲ್ಲಿ ಒಂದು ಕರೆ ಬಂದಿತು. ಇವರ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತುಗಳು ಸಿಕ್ಕಿವೆಯೆಂದೂ, ಇವರು ಈಗ 'ಡಿಜಿಟಲ್ ಅರೆಸ್ಟ್' ಆಗಿರುವರೆಂದೂ, ವಿಷಯವನ್ನು ಮನೆಯವರಿಗೂ ತಿಳಿಸಕೂಡದೆಂದೂ ಪೊಲೀಸ್ ಉಡುಪಿನವನೊಬ್ಬನು ತೆರೆಯ ಮೇಲೆ ಗದರಿಸಿದನು. ಎರಡು ದಿನ ಕೋಣೆಯ ಕದವಿಕ್ಕಿಕೊಂಡು ಕುಳಿತ ಹಿರಿಯರು, ಜೀವಮಾನದ ಉಳಿತಾಯವನ್ನೆಲ್ಲ 'ಪರಿಶೀಲನೆಗಾಗಿ' ಅವನು ಹೇಳಿದ ಖಾತೆಗೆ ಕಳುಹಿಸಿಬಿಟ್ಟರು.

"ಇಷ್ಟು ಓದಿದ ಮಾವನವರೇ ಹೀಗೆ ಮೋಸಹೋದರಲ್ಲ, ವಿದ್ಯೆಯಿಂದಾದ ಪ್ರಯೋಜನವೇನು?" ಎಂದು ಅವರ ಸೊಸೆ ನಮ್ಮನ್ನು ಕೇಳಿದಳು. ಪಕ್ಕದಲ್ಲಿದ್ದ ವೃದ್ಧರೊಬ್ಬರು, "ಕಾಯುವುದು ವಿದ್ಯೆಯಲ್ಲಮ್ಮ, ಶೀಲ. ಆಸೆಯಿಲ್ಲದವನನ್ನು ವಂಚಿಸಬಲ್ಲವರಾರು?" ಎಂದರು. ಆಕೆಯು ಮರುಮಾತಾಡಲಿಲ್ಲ. ಆದರೆ ಆ ಮಾತು ನಮಗೆ ಒಪ್ಪಿಗೆಯಾಗಲಿಲ್ಲ. ಅದರಲ್ಲಿ, ಮೋಸಹೋದವರಲ್ಲಿ ಏನೋ ದುರಾಸೆಯಿದ್ದಿರಬೇಕೆಂಬ ಚುಚ್ಚು ಅಡಗಿತ್ತು.

ಫ್ರಾನ್ಸ್ ದೇಶದಲ್ಲಿ ಮಿಷೆಲ್ ಶಾಲ್ ಎಂಬ ಮಹಾ ಗಣಿತಜ್ಞನಿದ್ದನು. ಜ್ಯಾಮಿತಿಯಲ್ಲಿ ಅವನ ಹೆಸರು ಇಂದಿಗೂ ನಿಂತಿದೆ. 1865ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ತನ್ನ ಕಾಪ್ಲಿ ಪದಕವನ್ನಿತ್ತು ಅವನನ್ನು ಗೌರವಿಸಿತು. ಇಂಥವನಿಗೆ ವ್ರೆನ್-ಲ್ಯೂಕಾಸ್ ಎಂಬ, ಹೆಚ್ಚು ಶಾಲೆ ಕಾಣದ ಗುಮಾಸ್ತನೊಬ್ಬನು 1861ರಿಂದ ಎಂಟು ವರ್ಷ ಪ್ರಾಚೀನ ಪತ್ರಗಳೆಂದು 27,000ಕ್ಕೂ ಮೇಲ್ಪಟ್ಟ ಕಾಗದಗಳನ್ನು ಮಾರಿದನು. ಶಾಲನು ತೆತ್ತುದು ಸುಮಾರು 1,40,000 ಫ್ರಾಂಕು. ಅವುಗಳಲ್ಲಿ ರಾಣಿ ಕ್ಲಿಯೋಪಾತ್ರಳು ಸೀಸರನಿಗೆ ಬರೆದ ಓಲೆಯಿತ್ತು. ಅಲೆಕ್ಸಾಂಡರನು ಗುರು ಅರಿಸ್ಟಾಟಲನಿಗೆ ಬರೆದುದೂ ಇತ್ತು. ಎಲ್ಲವೂ ಫ್ರೆಂಚ್ ಭಾಷೆಯಲ್ಲಿ! ವಾಚಕರು ನಗಬಹುದು, ನಾವೂ ನಕ್ಕೆವು.

ಆದರೆ ಶಾಲನನ್ನು ಕೆಡಿಸಿದುದು ಧನದ ಆಸೆಯಲ್ಲ, ಸ್ವದೇಶಾಭಿಮಾನ. ಗುರುತ್ವಾಕರ್ಷಣೆಯ ನಿಯಮವನ್ನು ಆಂಗ್ಲನಾದ ನ್ಯೂಟನ್ನನಿಗಿಂತ ಮೊದಲು ತಮ್ಮ ಪಾಸ್ಕಲನೇ ಕಂಡಿದ್ದನೆಂದು ಸಾರುವ ಪತ್ರಗಳು ಕೈಗೆ ಬಂದಾಗ, 1867ರಲ್ಲಿ ಅವನು ಅವನ್ನು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟನು. ಪಾಸ್ಕಲನು ನ್ಯೂಟನ್ನನಿಗೆ ಬರೆದನೆನ್ನಲಾದ ಪತ್ರದ ಕಾಲಕ್ಕೆ ನ್ಯೂಟನ್ನನು 11 ವರ್ಷದ ಬಾಲಕನೆಂದು ಪಂಡಿತರು ಆಕ್ಷೇಪಿಸಿದರು. ಗೆಲಿಲಿಯೋ ಕುರುಡನಾದ ಮೇಲಿನ ತೇದಿಯ ಪತ್ರವನ್ನು ತೋರಿಸಿ ಇದು ಹೇಗೆಂದು ಕೇಳಿದರು. ಶಾಲನು ಮಾಡಿದುದೇನು? ಪ್ರತಿಯೊಂದು ಆಕ್ಷೇಪವನ್ನೂ ಆ ಗುಮಾಸ್ತನ ಬಳಿಗೇ ಒಯ್ದನು. ಕೆಲವೇ ದಿನಗಳಲ್ಲಿ ಅದಕ್ಕೆ ಸಮಾಧಾನ ಹೇಳುವ ಮತ್ತೊಂದು 'ಪ್ರಾಚೀನ' ಪತ್ರವು ಸಿದ್ಧವಾಗಿ ಬರುತ್ತಿತ್ತು! 1869ರಲ್ಲಿ ಮೋಸವು ಬಯಲಾಗಿ, ಮರುವರ್ಷ ಆ ಗುಮಾಸ್ತನಿಗೆ ಎರಡು ವರ್ಷ ಸೆರೆಯಾಯಿತು. ಶಾಲನು ನ್ಯಾಯಸ್ಥಾನದಲ್ಲಿ ತಲೆತಗ್ಗಿಸಬೇಕಾಯಿತು.

ನಮ್ಮ ಉಪಾಧ್ಯಾಯರೂ ಇದನ್ನೇ ಮಾಡಿದ್ದರು. ಅವರು ಕುರುಡಾಗಿ ನಂಬಲಿಲ್ಲ, "ಇದು ನಿಜವೆಂಬುದಕ್ಕೆ ಆಧಾರವೇನು?" ಎಂದು ಕೇಳಿದ್ದರು, ಆ ಕರೆಮಾಡಿದವನನ್ನೇ. ಅವನು ಸರ್ಕಾರದ ಮುದ್ರೆಯುಳ್ಳ ಪತ್ರವನ್ನು ಕ್ಷಣಮಾತ್ರದಲ್ಲಿ ಕಳುಹಿಸಿದನು. ಆಧಾರ ಕೇಳುವುದನ್ನು ವಿದ್ಯೆ ಕಲಿಸಿತ್ತು. ಯಾರನ್ನು ಕೇಳಬೇಕೆಂಬುದನ್ನು ಕಲಿಸಿರಲಿಲ್ಲ.

ಇನ್ನು ಶೀಲದ ಮಾತು. 1920ರಲ್ಲಿ ಬಾಸ್ಟನ್ ನಗರದ ಪಾಂಜಿಯೆಂಬವನು 45 ದಿನಗಳಲ್ಲಿ ನೂರಕ್ಕೆ 50ರ ಲಾಭವೆಂದಾಗ ಓಡಿಬಂದವರ ವಿಷಯದಲ್ಲಿ ಆ ವೃದ್ಧರ ಮಾತು ಸಲ್ಲಬಹುದು. ಆದರೆ ಉಪಾಧ್ಯಾಯರು ಹೆದರಿದುದು ಮಾನಕ್ಕೆ. ಠಾಣೆಯ ಮೆಟ್ಟಿಲನ್ನೇ ತುಳಿಯದವರಾದ್ದರಿಂದ, ತೆರೆಯ ಮೇಲೆ ಬಂಧಿಸುವ ವಿಧಿಯು ನಮ್ಮ ಯಾವ ಕಾನೂನಿನಲ್ಲಿಯೂ ಇಲ್ಲವೆಂದು ಅವರಿಗೆ ಗೊತ್ತಿರಲಿಲ್ಲ. ಪಳಗಿದ ಕಳ್ಳನಾಗಿದ್ದರೆ ಮೊದಲ ಮಾತಿಗೇ ನಕ್ಕುಬಿಡುತ್ತಿದ್ದನು!

ಅವರ ಮನೆಯ ಅಡಿಗೆಯಾಕೆಗೂ ಇಂಥದೇ ಕರೆ ಬಂದಿತ್ತಂತೆ. ಆಕೆ ಫೋನನ್ನು ಬೀದಿಯ ಅಂಗಡಿಯವನ ಕೈಗೆ ಕೊಟ್ಟಳು. ಕರೆ ಅಲ್ಲಿಗೇ ನಿಂತಿತು. ಹಾಗೆಂದು ಓದದವರೇ ಜಾಣರೆನ್ನಲಾಗದು. ಅದೇ ಹೆಂಗಸು ಅದರ ಹಿಂದಿನ ವರ್ಷ ಚೀಟಿಯ ಹಣ ಕಳೆದುಕೊಂಡಿದ್ದಳು. ದುಡ್ಡು ಭದ್ರವೇ ಎಂದು ಆಗ ಆಕೆ ಕೇಳಿದ್ದು ಚೀಟಿ ನಡೆಸುವವಳನ್ನೇ.

"ಯಾರಿಗೂ ಹೇಳಬೇಡ" ಎಂಬ ಮಾತಿನಲ್ಲಿಯೇ ವಂಚಕನ ಬಲವೆಲ್ಲ ಇರುವುದು. ಮನೆಯಲ್ಲಿ ಹಿರಿಯರು ಕದವಿಕ್ಕಿ ಕುಳಿತರೆ ಊಟದ ನೆಪದಿಂದಾದರೂ ಒಳಹೊಕ್ಕು ವಿಚಾರಿಸಬೇಕು. ಹಣ ಹೋಗಿದ್ದರೆ ನಾಚಿಕೆಯಿಂದ ಹೊತ್ತುಗಳೆಯದೆ 1930 ಎಂಬ ಸಂಖ್ಯೆಗೆ ಕೂಡಲೆ ತಿಳಿಸತಕ್ಕದ್ದು. ತಡವಾದಷ್ಟೂ ಹಣವು ಖಾತೆಯಿಂದ ಖಾತೆಗೆ ಹಾರಿ ಕೈತಪ್ಪುವುದು.

ಸೊಸೆಗೆ ಇಷ್ಟನ್ನು ಹೇಳಿದೆವು. ಆಕೆ ಬಹಳ ಹೊತ್ತು ಸುಮ್ಮನಿದ್ದು, "ಆ ಎರಡು ದಿನ ನಾನು ಊಟದ ತಟ್ಟೆಯನ್ನು ಬಾಗಿಲಲ್ಲಿಟ್ಟು ಬಂದೆ. ಏನಾಯಿತು ಮಾವ ಎಂದು ಕೇಳಲಿಲ್ಲ" ಎಂದಳು.