ಮೌಲ್ಯಮಾಪಕರ ವೃತ್ತಿಧರ್ಮ ಮತ್ತು ನಮ್ಮ ಹೊಣೆ

ಮಣಿಪಾಲದಲ್ಲಿ ಹಳೆಯ ಫ್ಲ್ಯಾಟ್ ಕೊಳ್ಳುವವರನ್ನಾಗಲಿ, ಕಾಪುವಿನಲ್ಲಿ ಕಡಲಿಗೆ ಸಮೀಪದ ಮನೆ ಕೊಳ್ಳುವವರನ್ನಾಗಲಿ, ಕಾರ್ಕಳದಲ್ಲಿ ಗೋದಾಮು ಸಹಿತ ಜಾಗ ಖರೀದಿಸುವ ವ್ಯಾಪಾರಸ್ಥರನ್ನಾಗಲಿ "ಕಟ್ಟಡವನ್ನು ತಜ್ಞರಿಂದ ಪರೀಕ್ಷಿಸಿದ್ದೀರಾ?" ಎಂದು ವಿಚಾರಿಸಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: "ಬ್ಯಾಂಕಿನ ಇಂಜಿನಿಯರ್ ಬಂದು ನೋಡಿ ಹೋಗಿದ್ದಾರೆ, ಸಾಲವೂ ಮಂಜೂರಾಗಿದೆ." ಒಂದು ಮೂಟೆ ಅಕ್ಕಿ ಕೊಳ್ಳುವಾಗ ಹಿಡಿಯಷ್ಟನ್ನು ಅಂಗೈಯಲ್ಲಿ ಹರಡಿ ನೋಡುವ ನಮ್ಮ ಸದಸ್ಯ ಬಂಧುಗಳು ಅರುವತ್ತು ಲಕ್ಷದ ಮನೆಯ ವಿಷಯದಲ್ಲಿ ಇಷ್ಟಕ್ಕೇ ತೃಪ್ತರಾಗುತ್ತಾರೆ. ಈ ತೃಪ್ತಿಗೆ ಯಾವ ಆಧಾರವೂ ಇಲ್ಲ.

ಬ್ಯಾಂಕು ಕಳುಹಿಸುವ ವ್ಯಕ್ತಿ ಮೌಲ್ಯಮಾಪಕ, ಅಂದರೆ ವ್ಯಾಲ್ಯೂಯರ್. ಸಾಲಗಾರ ಕಂತು ಕಟ್ಟದಿದ್ದಲ್ಲಿ ಈ ಆಸ್ತಿಯನ್ನು ಮಾರಿದರೆ ಎಷ್ಟು ಹಣ ಬಂದೀತು ಎಂಬುದು ಬ್ಯಾಂಕು ಅವರಿಗೆ ಕೇಳಿರುವ ಪ್ರಶ್ನೆ. ತಾರಸಿ ಆಟಿಯ ಮಳೆಗೆ ಸೋರುತ್ತದೆಯೇ, ಬಾಗಿಲಿನ ದಾರಂದಕ್ಕೆ ಗೆದ್ದಲು ಹತ್ತಿದೆಯೇ, ಉಪ್ಪುಗಾಳಿಗೆ ಸ್ಲ್ಯಾಬಿನ ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದಿದೆಯೇ, ಮನೆ ನಿಂತಿರುವುದು ಗಟ್ಟಿ ಮುರಕಲ್ಲಿನ ಮೇಲೋ ಮಣ್ಣು ತುಂಬಿಸಿದ ಗದ್ದೆಯ ಮೇಲೋ ಎಂಬ ಪ್ರಶ್ನೆಗಳನ್ನು ಬ್ಯಾಂಕು ಕೇಳಿಲ್ಲ. ಕೇಳದ ಪ್ರಶ್ನೆಗೆ ಅವರು ಉತ್ತರ ಬರೆಯುವುದೂ ಇಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಈ ಜಿಲ್ಲೆಯಲ್ಲಿ ಮಾರ್ಚ್ ತಿಂಗಳಲ್ಲಿ ಸುಣ್ಣಬಣ್ಣ ಬಳಿದು ತೋರಿಸಿದ ಮನೆಯ ಗೋಡೆಯನ್ನು ಜುಲೈಯಲ್ಲಿ ನೋಡಿದವರಿಗೆ ಈ ವ್ಯತ್ಯಾಸದ ಅರ್ಥ ವಿವರಿಸಬೇಕಾಗಿಲ್ಲ. ಹೊಸ ಕಟ್ಟಡವಾದರೆ, 2016ರ ರಿಯಲ್ ಎಸ್ಟೇಟ್ ಕಾಯ್ದೆಯಂತೆ, ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷಗಳೊಳಗೆ ಗಮನಕ್ಕೆ ತಂದ ರಚನಾ ದೋಷವನ್ನು ನಿರ್ಮಾಪಕರು ಸ್ವಂತ ಖರ್ಚಿನಲ್ಲಿ ಸರಿಪಡಿಸಿಕೊಡಬೇಕು. ಹತ್ತು ವರ್ಷದ ಹಳೆಯ ಫ್ಲ್ಯಾಟಿಗೆ ಆ ರಕ್ಷಣೆಯೂ ಇಲ್ಲ.

ಕೊಳ್ಳುವವರ ಪರವಾಗಿ ಮನೆಯನ್ನು ಪರೀಕ್ಷಿಸಿ ವರದಿ ಕೊಡುವುದು ಅಮೆರಿಕದಲ್ಲಿ ಒಂದು ಪ್ರತ್ಯೇಕ ವೃತ್ತಿ. ಅಲ್ಲಿ 1976ರಲ್ಲಿ ಸ್ಥಾಪನೆಯಾದ ಅಮೆರಿಕನ್ ಸೊಸೈಟಿ ಆಫ್ ಹೋಮ್ ಇನ್‌ಸ್ಪೆಕ್ಟರ್ಸ್ ಎಂಬ ಸಂಸ್ಥೆಯ ನೀತಿಸಂಹಿತೆಯಲ್ಲಿ ಮೂರು ನಿಷೇಧಗಳು ನನ್ನ ಗಮನ ಸೆಳೆದಿವೆ. ಮಾರಾಟ ಕುದುರಿದರೆ ಮಾತ್ರ ಶುಲ್ಕ ಎಂಬ ಕರಾರಿಗೆ ತಪಾಸಣೆ ಮಾಡಕೂಡದು. ತನ್ನ ಹೆಸರನ್ನು ಶಿಫಾರಸು ಮಾಡಿದ್ದಕ್ಕಾಗಿ ದಲ್ಲಾಳಿಗೆ ಹಣ ಕೊಡಕೂಡದು. ತಾನು ಪರೀಕ್ಷಿಸಿದ ಮನೆಯ ದುರಸ್ತಿ ಕೆಲಸವನ್ನು ಒಂದು ವರ್ಷದವರೆಗೆ ತಾನೇ ಹಣ ಪಡೆದು ಮಾಡಕೂಡದು.

ನಮ್ಮಲ್ಲಿ ಈ ವೃತ್ತಿಗೆ ಪ್ರತ್ಯೇಕ ಕಾಯ್ದೆ ಇಲ್ಲ, ಪರವಾನಗಿ ಇಲ್ಲ. ಮನೆ ಸೋರುತ್ತದೆಯೇ ಎಂದು ಉಚಿತವಾಗಿ ನೋಡಿ ಹೇಳುವವರು ವಾಟರ್‌ಪ್ರೂಫಿಂಗ್ ಗುತ್ತಿಗೆದಾರರು. ಸೋರುತ್ತಿಲ್ಲ ಎಂದು ಅವರು ಹೇಳಿದ ನಿದರ್ಶನ ನನ್ನ ಕಿವಿಗೆ ಇನ್ನೂ ಬಿದ್ದಿಲ್ಲ. ಇಲ್ಲವಾದರೆ ಮಾರಾಟ ಮಾಡಿಸುವ ಬ್ರೋಕರೇ ಕರೆತರುವ ಇಂಜಿನಿಯರ್. ಇಬ್ಬರೂ ಅಪ್ರಾಮಾಣಿಕರೆಂದು ನಾನು ಹೇಳುತ್ತಿಲ್ಲ. ಪ್ರಾಮಾಣಿಕರಾದವರಿಗೂ ನಿಜ ಹೇಳಿದರೆ ನಷ್ಟವಾಗುವಂಥ ವ್ಯವಸ್ಥೆಯಲ್ಲಿ ಅವರನ್ನು ನಿಲ್ಲಿಸಿದ್ದೇವೆ.

ಮೌಲ್ಯಮಾಪಕರಿಗಾದರೋ ನಿಯಮಗಳಿವೆ. ಮೌಲ್ಯಮಾಪಕರು ವೃತ್ತಿಪರ ಅರ್ಹತೆಯುಳ್ಳ ಸ್ವತಂತ್ರ ವ್ಯಕ್ತಿಗಳಾಗಿರಬೇಕು, ಆ ಆಸ್ತಿಯಲ್ಲಿ ಅವರಿಗೆ ಪ್ರತ್ಯಕ್ಷ ಅಥವಾ ಪರೋಕ್ಷ ಹಿತಾಸಕ್ತಿ ಇರಬಾರದು ಎಂದು ರಿಸರ್ವ್ ಬ್ಯಾಂಕು 2007ರ ಜನವರಿಯ ಸುತ್ತೋಲೆಯಲ್ಲೇ ಸೂಚಿಸಿತ್ತು. ಆದರೆ ಎರಡು ಸ್ವತಂತ್ರ ವರದಿಗಳು ಬೇಕೆಂದು ಹೇಳಿದ್ದು 50 ಕೋಟಿ ರೂಪಾಯಿ ಮತ್ತು ಮೇಲ್ಪಟ್ಟ ಆಸ್ತಿಗಳಿಗೆ. ನಮ್ಮ ಸದಸ್ಯರಲ್ಲಿ ಎಷ್ಟು ಮಂದಿ ಆ ಗಡಿ ಮುಟ್ಟಿಯಾರು? 2013ರ ಕಂಪನಿ ಕಾಯ್ದೆಯ 247ನೇ ಕಲಮಿನಡಿ 2017ರಲ್ಲಿ ಬಂದ ನಿಯಮಗಳು ನೋಂದಾಯಿತ ಮೌಲ್ಯಮಾಪಕರಿಗೆ ಮಾದರಿ ನೀತಿಸಂಹಿತೆಯನ್ನೂ ಕೊಟ್ಟಿವೆ. ಸ್ವತಂತ್ರ ಮೌಲ್ಯಮಾಪಕ ಯಶಸ್ಸಿನ ಶುಲ್ಕ ಪಡೆಯಕೂಡದು ಎಂದು ಅದರಲ್ಲಿ ಸ್ಪಷ್ಟವಾಗಿದೆ.

ಶುಲ್ಕದ ವಿಷಯದಲ್ಲಿ ನನ್ನದೊಂದು ಭಿನ್ನಾಭಿಪ್ರಾಯ ಉಂಟು. ಶೇಕಡಾವಾರು ಶುಲ್ಕ ಪಡೆಯುವುದು ನಮ್ಮ ಚಾರ್ಟರ್ಡ್ ಅಕೌಂಟೆಂಟ್ ವೃತ್ತಿಯಲ್ಲಿ ಸಾಮಾನ್ಯವಾಗಿ ದುರ್ನಡತೆ. ಆದರೆ ನೇರ ತೆರಿಗೆಯ ಉದ್ದೇಶಕ್ಕೆ ಮೌಲ್ಯಮಾಪನ ಮಾಡುವವರಿಗೆ ನಮ್ಮ 1988ರ ನಿಬಂಧನೆಗಳ 192ನೇ ನಿಬಂಧನೆ ವಿನಾಯಿತಿ ನೀಡಿದೆ. ಆಸ್ತಿಯ ಮೌಲ್ಯದ ಇಂತಿಷ್ಟು ಶೇಕಡಾ ಎಂದು ಶುಲ್ಕ ಪಡೆಯಬಹುದು. ಅನೇಕ ಬ್ಯಾಂಕುಗಳ ಶುಲ್ಕಪಟ್ಟಿಯೂ ಮೌಲ್ಯ ಏರಿದಂತೆ ಏರುವ ಹಂತಗಳಲ್ಲಿಯೇ ಇದೆ. ಹೆಚ್ಚು ಬರೆದವನಿಗೆ ಹೆಚ್ಚು ಸಂಭಾವನೆ ಎಂಬ ಈ ಪದ್ಧತಿಯನ್ನು ಸಮರ್ಥಿಸುವುದು ನನ್ನಿಂದ ಸಾಧ್ಯವಿಲ್ಲ. ಮೌಲ್ಯಮಾಪನದ ಶುಲ್ಕ ವಿಸ್ತೀರ್ಣ ಮತ್ತು ಕೆಲಸದ ಪ್ರಮಾಣವನ್ನು ಅವಲಂಬಿಸಿರಬೇಕು.

ಇಷ್ಟಾದರೂ ಹೆಚ್ಚಿನ ಮೌಲ್ಯ ಬರೆಯಲು ದೊಡ್ಡ ಒತ್ತಡ ಬರುವುದು ಬ್ಯಾಂಕಿನಿಂದಲ್ಲ, ನಮ್ಮಿಂದ. ಕ್ಯಾಶ್ ಕ್ರೆಡಿಟ್ ಮಿತಿ ಏರಿಸುವ ಸಂದರ್ಭದಲ್ಲಿ "ಸ್ವಲ್ಪ ಜಾಸ್ತಿ ಹಾಕಿ ಮಾರಾಯ್ರೆ, ನಮ್ಮ ಜಾಗವೇ ಅಲ್ಲವೇ" ಎಂದು ಹೇಳದ ಉದ್ದಿಮೆದಾರರು ವಿರಳ. ಇದರ ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. 80 ಲಕ್ಷ ರೂಪಾಯಿ ಬಾಳುವ ಆಸ್ತಿಗೆ 1.20 ಕೋಟಿ ಎಂದು ವರದಿ ಬಂದಿತು ಎನ್ನಿ. ಮೌಲ್ಯದ ಶೇಕಡಾ 60ರಂತೆ 48 ಲಕ್ಷ ದೊರೆಯಬೇಕಾಗಿದ್ದಲ್ಲಿ 72 ಲಕ್ಷ ದೊರೆಯಿತು. ಹೆಚ್ಚಾದ 24 ಲಕ್ಷವನ್ನು ಪೂರ್ತಿ ಬಳಸಿದರೆ ಶೇಕಡಾ 11ರಂತೆ ವರ್ಷಕ್ಕೆ 2.64 ಲಕ್ಷ ಬಡ್ಡಿ. ಆ ಬಡ್ಡಿಯನ್ನು ಹೊರುವಷ್ಟು ಲಾಭ ವ್ಯಾಪಾರದಲ್ಲಿ ಇದ್ದಿದ್ದರೆ ಮೌಲ್ಯವನ್ನು ಉಬ್ಬಿಸುವ ಅಗತ್ಯವೇ ಬಹುಶಃ ಬರುತ್ತಿರಲಿಲ್ಲ. ಖಾತೆ ಕೆಟ್ಟಿತು ಎನ್ನಿ. 2002ರ ಸರ್ಫೇಸಿ ಕಾಯ್ದೆಯ ನಿಯಮಗಳಂತೆ ಬ್ಯಾಂಕು ಮತ್ತೊಮ್ಮೆ ಅನುಮೋದಿತ ಮೌಲ್ಯಮಾಪಕರಿಂದ ವರದಿ ಪಡೆದು ಹರಾಜಿನ ಕನಿಷ್ಠ ದರ ನಿಗದಿಪಡಿಸುತ್ತದೆ. ಈ ಬಾರಿ ಜಾಸ್ತಿ ಹಾಕಿ ಎಂದು ಹೇಳಲು ಯಾರೂ ಇರುವುದಿಲ್ಲ. ಹರಾಜಿನಲ್ಲಿ 64 ಲಕ್ಷ ಬಂದು, ಬಡ್ಡಿ ಖರ್ಚು ಸೇರಿ ಬಾಕಿ 78 ಲಕ್ಷವಾಗಿದ್ದರೆ ಉಳಿದ 14 ಲಕ್ಷ ಜಾಮೀನುದಾರರ ತಲೆಯ ಮೇಲೆ. ಜಾಮೀನುದಾರರು ಬಹುಪಾಲು ಯಾರು? ಬಾವನೋ, ಅಣ್ಣನೋ, ಪಕ್ಕದ ಅಂಗಡಿಯವರೋ. ಆಸ್ತಿಯ ಬೆಲೆ ಸಾಲಕ್ಕಿಂತ ಎಷ್ಟೋ ಹೆಚ್ಚಿದೆ ಎಂಬ ವರದಿಯನ್ನು ನಂಬಿ ಸಹಿ ಹಾಕಿದವರು.

ನಾವು ಲೆಕ್ಕಪರಿಶೋಧಕರೂ ಈ ಸರಪಳಿಯ ಒಂದು ಕೊಂಡಿ. ಮಕ್ಕಳ ವಿದೇಶ ವ್ಯಾಸಂಗಕ್ಕಾಗಿ ನಿವ್ವಳ ಆಸ್ತಿಯ ಪ್ರಮಾಣಪತ್ರ ಕೊಡುವಾಗ ಮೌಲ್ಯಮಾಪಕರ ಅಂಕಿಯನ್ನೇ ನಾವು ಆಧರಿಸುತ್ತೇವೆ. 2019ರ ಫೆಬ್ರವರಿಯಿಂದ ನಮ್ಮ ಪ್ರಮಾಣಪತ್ರಗಳಿಗೆ ಯುಡಿಐಎನ್ ಸಂಖ್ಯೆ ಕಡ್ಡಾಯವಾಗಿ, ಪ್ರಮಾಣಪತ್ರ ನಮ್ಮದೇ ಹೌದೋ ಅಲ್ಲವೋ ಎಂದು ಯಾರೂ ಪರಿಶೀಲಿಸಬಹುದಾಗಿದೆ. ಆದರೆ ಅದರೊಳಗಿನ ಅಂಕಿಯ ಸತ್ಯಾಸತ್ಯತೆಗೆ ಆ ಸಂಖ್ಯೆ ಸಾಕ್ಷಿಯಲ್ಲ. ವೃತ್ತಿ ತನ್ನನ್ನು ತಾನು ತಿದ್ದಿಕೊಳ್ಳದಿದ್ದಲ್ಲಿ ಕಾನೂನು ತಿದ್ದುತ್ತದೆ ಎಂಬುದಕ್ಕೆ ಬಂಡವಾಳ ಲಾಭದ ತೆರಿಗೆಯಲ್ಲಿ ನಿದರ್ಶನವಿದೆ. 01-04-2001ರ ನ್ಯಾಯೋಚಿತ ಮೌಲ್ಯವನ್ನು ಮೌಲ್ಯಮಾಪಕರ ವರದಿಯಿಂದ ಧಾರಾಳವಾಗಿ ಏರಿಸಿ ತೆರಿಗೆ ಇಳಿಸುವ ರೂಢಿಗೆ 2020ರ ಹಣಕಾಸು ಕಾಯ್ದೆ ಮಿತಿ ಹಾಕಿತು. ಜಮೀನು ಮತ್ತು ಕಟ್ಟಡಗಳಲ್ಲಿ ಆ ದಿನದ ಮುದ್ರಾಂಕ ಮೌಲ್ಯ ಲಭ್ಯವಿದ್ದರೆ ಅದನ್ನು ಮೀರುವಂತಿಲ್ಲ. ನಿಜವಾಗಿ ಹೆಚ್ಚು ಬೆಲೆ ಬಾಳುತ್ತಿದ್ದ ಜಾಗದ ಪ್ರಾಮಾಣಿಕ ಮಾಲಕರೂ ಈಗ ಆ ಮಿತಿಗೆ ಒಳಪಟ್ಟಿದ್ದಾರೆ.

ಉತ್ತಮ ವರದಿಯಲ್ಲಿ ಬೆಲೆಗಿಂತ ಮೊದಲು ಕಾಣಿಸಬೇಕಾದ ಸಂಗತಿಗಳು ನಮ್ಮ ಜಿಲ್ಲೆಯಲ್ಲಿ ಹಲವಾರು. ವರ್ಗ ಜಾಗಕ್ಕೆ ಹೊಂದಿಕೊಂಡ ಕುಮ್ಕಿ ಸರಕಾರಕ್ಕೆ ಸೇರಿದ್ದು. ವರ್ಗದಾರರಿಗೆ ಇರುವುದು ಸೊಪ್ಪು ಸೌದೆಯಂಥ ಸವಲತ್ತು ಮಾತ್ರ. ಆವರಣ ಗೋಡೆಯ ಒಳಗೆ ಕುಮ್ಕಿಯೂ ಸೇರಿದ್ದರೆ ಅಳತೆ ಪಟ್ಟಿಯನ್ನು ಎಳೆದಷ್ಟೂ ಸೆಂಟ್ಸ್ ಲೆಕ್ಕಕ್ಕೆ ಸೇರುತ್ತವೆ. ಮೂಲಗೇಣಿ ಜಾಗವೇ, ಭೂಪರಿವರ್ತನೆ ಆಗಿದೆಯೇ, ಕಾಪು ಕಡೆಯ ಜಾಗವಾದರೆ ಕರಾವಳಿ ನಿಯಂತ್ರಣ ವಲಯದ ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ಬರೆಯದ ವರದಿ ಅಪೂರ್ಣ. ಕಟ್ಟಡದ ಪೂರ್ಣತಾ ಮತ್ತು ವಾಸಯೋಗ್ಯತಾ ಪ್ರಮಾಣಪತ್ರಗಳನ್ನು ಪರಿಶೀಲಿಸಿದ ನಂತರವೇ ಬ್ಯಾಂಕುಗಳು ಸಾಲ ನೀಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ನಿರ್ದೇಶಿಸಿದೆ. ಆದ್ದರಿಂದ ಅದನ್ನೂ ವರದಿಯಲ್ಲಿ ಮುಚ್ಚುಮರೆಯಿಲ್ಲದೆ ನಮೂದಿಸಬೇಕು.

1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಇಲ್ಲಿಯೇ ಸಿಂಡಿಕೇಟ್ ಬ್ಯಾಂಕು ಹುಟ್ಟಿದ ಕಾಲದಲ್ಲಿ ಸಾಲ ಕೊಡುವವರಿಗೆ ಸಾಲಗಾರನ ಮನೆತನ, ಜಾಗ, ಬಾವಿಯ ನೀರು ಸಹಿತ ಎಲ್ಲವೂ ಗೊತ್ತಿರುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಎರಡೂ ಬೇರೆ ಬ್ಯಾಂಕುಗಳಲ್ಲಿ ವಿಲೀನಗೊಂಡವು. ಮೂರು ವರ್ಷಕ್ಕೊಮ್ಮೆ ದೂರದ ರಾಜ್ಯಗಳಿಂದ ವರ್ಗವಾಗಿ ಬರುವ ಶಾಖಾ ಪ್ರಬಂಧಕರಿಗೆ ಕುಮ್ಕಿ ಎಂಬ ಶಬ್ದವೇ ಹೊಸತು. ಅವರಿಗೆ ಇರುವ ಕಣ್ಣು ಮೌಲ್ಯಮಾಪಕರದ್ದೊಂದೇ.

ಅಮೆರಿಕದಲ್ಲಿ 2014ರ ಜನವರಿಯಿಂದ, ಮನೆಯ ಮೊದಲ ಅಡಮಾನದ ಮೇಲೆ ಸಾಲ ನೀಡುವ ಸಂಸ್ಥೆ ಮೌಲ್ಯಮಾಪನ ವರದಿಯ ಪ್ರತಿಯನ್ನು ಅರ್ಜಿದಾರನಿಗೆ ಉಚಿತವಾಗಿ ಕೊಡಲೇಬೇಕು. ನಮ್ಮಲ್ಲಿ ಶುಲ್ಕ ತೆರುವವರು ನಾವು, ವರದಿ ಬ್ಯಾಂಕಿನ ಕಡತದಲ್ಲಿ. ನಮ್ಮ ಸಂಘವು ಜಿಲ್ಲೆಯ ಬ್ಯಾಂಕುಗಳ ಅಧಿಕಾರಿಗಳನ್ನೂ ಮೌಲ್ಯಮಾಪಕರನ್ನೂ ಒಂದು ದಿನ ಆಹ್ವಾನಿಸಿ, ವರದಿಯ ಪ್ರತಿಯನ್ನು ಸಾಲಗಾರರಿಗೂ ಜಾಮೀನುದಾರರಿಗೂ ಕೊಡುವ ಪದ್ಧತಿಯನ್ನು ಇಲ್ಲಿಂದಲೇ ಆರಂಭಿಸಬೇಕೆಂದು ಕೋರಬೇಕು. ಸಾಲಗಾರರು ಮೌಲ್ಯಮಾಪಕರನ್ನು ತಾವೇ ಸಂಪರ್ಕಿಸುವುದಿಲ್ಲ, ಮೊತ್ತ ಸೂಚಿಸುವುದಿಲ್ಲ ಎಂದು ನಮ್ಮ ಕಡೆಯಿಂದಲೂ ಸಭೆಯಲ್ಲಿ ಒಪ್ಪಿಕೊಳ್ಳಬೇಕು. ಅದಿಲ್ಲದೆ ಅವರ ವೃತ್ತಿಧರ್ಮದ ಕುರಿತು ಮಾತನಾಡುವ ಅಧಿಕಾರ ನಮಗಿಲ್ಲ. ಹಳೆಯ ಮನೆ ಕೊಳ್ಳುವವರು ಮುಂಗಡ ಕೊಡುವ ಮೊದಲು, ಬ್ರೋಕರಿಗೂ ಗುತ್ತಿಗೆದಾರರಿಗೂ ಸಂಬಂಧಿಸದ ಸಿವಿಲ್ ಇಂಜಿನಿಯರ್ ಒಬ್ಬರಿಗೆ ನಿಶ್ಚಿತ ಶುಲ್ಕ ಕೊಟ್ಟು, ಸಾಧ್ಯವಾದರೆ ಮಳೆಗಾಲದಲ್ಲೇ ಕಟ್ಟಡ ತೋರಿಸಿ ಲಿಖಿತ ವರದಿ ಪಡೆಯಲಿ. ಬ್ಯಾಂಕಿನಿಂದ ಮೌಲ್ಯಮಾಪನದ ಪ್ರತಿ ಕೋರುವ ಪತ್ರದ ಕರಡನ್ನು ಸಂಘದ ಕಚೇರಿಗೆ ಬರೆದುಕೊಡಲು ನಾನು ಸಿದ್ಧನಿದ್ದೇನೆ.