ನಗೆಗೆ ಹಾವೇರಿ ಸೀಮೆಯ ಮಾತು ಬೇಕು, ಬರಹಗಾರ ಬೇಡವೇ?

ಈಟಿವಿ ಕನ್ನಡ ವಾಹಿನಿಯಲ್ಲಿ 2000ದ ದಶಕದಲ್ಲಿ ಪ್ರಸಾರವಾದ 'ಪಾಪ ಪಾಂಡು' ನೋಡಿದವರಿಗೆ ಚಿದಾನಂದ, ಶಾಲಿನಿ ಇಂದಿಗೂ ನೆನಪಿದ್ದಾರೆ. ನಿರ್ದೇಶಕ ಸಿಹಿಕಹಿ ಚಂದ್ರು ಅವರೂ ಪರಿಚಿತರೇ. ಆದರೆ ಅದಕ್ಕೆ ಬರೆದ ಎಂ.ಎಸ್. ನರಸಿಂಹಮೂರ್ತಿ ಅವರ ಹೆಸರು ಹೇಳಬಲ್ಲವರು ವಿರಳ.

1949ರಲ್ಲಿ ಜನಿಸಿದ ನರಸಿಂಹಮೂರ್ತಿ ಮೂಲತಃ ನಗೆಬರಹಗಾರರು. ದೂರದರ್ಶನದ 'ಕ್ರೇಜಿ ಕರ್ನಲ್'ನಿಂದ 'ಸಿಲ್ಲಿ ಲಲ್ಲಿ'ಯವರೆಗೆ ಅವರ ಲೇಖನಿ ದುಡಿದಿದೆ. ದಿನವಹಿ ಧಾರಾವಾಹಿಯ ಕೆಲಸ ಸಾಮಾನ್ಯವಲ್ಲ. ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದು ಉಳಿಯುವ ಇಪ್ಪತ್ತು ಚಿಲ್ಲರೆ ನಿಮಿಷಗಳಿಗೆ ವಾರದಲ್ಲಿ ಐದು ದಿನ ಹೊಸ ನಗೆ ಒದಗಿಸಬೇಕು. ಖರ್ಚು ಮಿತಿಯಲ್ಲಿರಬೇಕಾದ್ದರಿಂದ ಕಥೆ ಒಂದೆರಡು ಮನೆ, ಒಂದು ಕಚೇರಿ ದಾಟುವಂತಿಲ್ಲ. ಆ ಮನೆ ಸಹಜವಾಗಿಯೇ ಬೆಂಗಳೂರಿನದಾಗುತ್ತದೆ.

ಉತ್ತರ ಕರ್ನಾಟಕದವರು ಆ ಮನೆಗೆ ಬರುವುದು ಹೆಚ್ಚಾಗಿ ಅತಿಥಿಗಳಾಗಿ ಅಥವಾ ಅಡುಗೆಯವರಾಗಿ. ಅವರ ಮಾತೆಂದರೆ ವಾಕ್ಯದ ಕೊನೆಗೊಂದು 'ರೀ', ಅಷ್ಟೆ. ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನೇ ನೋಡಿ. 1948ರವರೆಗೆ ನವಾಬರ ಆಳ್ವಿಕೆಯಲ್ಲಿದ್ದ ಸವಣೂರಿನ ಮಾತಿನಲ್ಲಿ ಉರ್ದುವಿನ ಬೆರಕೆಯಿದೆ. ಹಾನಗಲ್ಲಿಗೆ ಶಿರಸಿಯ ಮಲೆನಾಡು ನೆರೆ, ಹಿರೇಕೆರೂರಿಗೆ ಶಿವಮೊಗ್ಗ ಜಿಲ್ಲೆ. ಶಿಗ್ಗಾಂವಿಯದು ಶಿಶುನಾಳ ಷರೀಫರ ಸೀಮೆ. ತತ್ವವನ್ನೂ ಕುಚೋದ್ಯವನ್ನೂ ಒಂದೇ ಪದದಲ್ಲಿ ಹೇಳಿದ ಜನ. ಕಿರುತೆರೆಗೆ ಇವೆಲ್ಲವೂ ಒಂದೇ 'ಧಾರವಾಡ ಭಾಷೆ'! ಸೋಮಾರಿತನವಲ್ಲದೆ ಇದು ಮತ್ತೇನು?

ಪ್ರತಿಭೆಗೆ ಬರವೆಂದು ಹೇಳುವಂತಿಲ್ಲ. ಹಾನಗಲ್ ತಾಲ್ಲೂಕಿನ ತಿಳವಳ್ಳಿಯಲ್ಲಿ ಬೆಳೆದ ಯೋಗರಾಜ ಭಟ್ 2006ರ 'ಮುಂಗಾರು ಮಳೆ'ಯಲ್ಲಿ ಸಂಭಾಷಣೆಯಿಂದಲೇ ಜನರನ್ನು ಹಿಡಿದಿಟ್ಟರು. 2016ರಲ್ಲಿ ಜೀ ಕನ್ನಡದ 'ಕಾಮಿಡಿ ಕಿಲಾಡಿಗಳು' ಆರಂಭವಾದಾಗ ತೀರ್ಪುಗಾರರಲ್ಲೊಬ್ಬರಾದರು. ಅಂಥ ವೇದಿಕೆಗಳಲ್ಲಿ ಉತ್ತರದ ಹುಡುಗರು ತಮ್ಮ ಮಾತಿನಲ್ಲೇ ನಗಿಸಿ ಗೆದ್ದರೆಂಬುದೂ ನಿಜ. ಆದರೆ ಅಲ್ಲಿಯೂ ಚಪ್ಪಾಳೆ ಕಲಾವಿದನಿಗೆ. ಪ್ರಹಸನ ಬರೆದವನ ಹೆಸರು ಕೊನೆಯ ಪಟ್ಟಿಯಲ್ಲಿ ಓಡಿಹೋಗುತ್ತದೆ.

ಹಿರೇಕೆರೂರಿನ ಯುವಕನೊಬ್ಬ ಹಾಸ್ಯ ಬರೆದೇ ಬದುಕುತ್ತೇನೆಂದರೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿನಲ್ಲಿ ಬಾಡಿಗೆ ಕೋಣೆ ಹಿಡಿಯಬೇಕು, ಅಲ್ಲಿನ ಮಾತಿಗೆ ಒಗ್ಗಬೇಕು. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ. ವಾಹಿನಿಗಳು ಅಲ್ಲಿಗೇ ಬಂದು ವರ್ಷಕ್ಕೊಂದು ಬರವಣಿಗೆ ಶಿಬಿರ ನಡೆಸಿದರೆ ಒಂದು ಕಂತಿನ ಖರ್ಚೂ ಆಗಲಾರದು.